ಮನೆ ಮುಟ್ಟುವಷ್ಟು ಚಾರ್ಜು ಇದೆಯೇ?

ಮಳೆಗಾಲ ಹಿಡಿಯಿತೆಂದರೆ ಸಿದ್ದಾಪುರ, ಶಿರಸಿ ಕಡೆಯ ಚಹದಂಗಡಿಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಪ್ರಶ್ನೆ ಒಂದಿದೆ: 'ಲಿಂಗನಮಕ್ಕಿ ಎಷ್ಟಾಯಿತು?' ಕೇಳಿದವರಾಗಲಿ ಹೇಳಿದವರಾಗಲಿ ಅಣೆಕಟ್ಟಿನ ಹತ್ತಿರ ಹೋಗಿ ನೋಡಿದವರಲ್ಲ. ಪತ್ರಿಕೆಯಲ್ಲಿ ಅಚ್ಚಾದ ಅಂಕಿಯನ್ನು ನೋಡಿ 'ಇನ್ನು ಇಷ್ಟಡಿ ಬಾಕಿ' ಎನ್ನುತ್ತಾರೆ. ಗರಿಷ್ಠ ಮಟ್ಟ 1,819 ಅಡಿ ಎಂಬುದು ನಮ್ಮ ಕಡೆಯ ಅನೇಕರಿಗೆ ಬಾಯಿಪಾಠ.

ಈಚಿನ ವರ್ಷಗಳಲ್ಲಿ ಇದೇ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: 'ಗಾಡಿಯಲ್ಲಿ ಚಾರ್ಜು ಎಷ್ಟಿದೆ?' ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳ ಮುಂದೆ ಈಗ ಬ್ಯಾಟರಿ ಸ್ಕೂಟರುಗಳು ಸಾಲಾಗಿ ನಿಲ್ಲುತ್ತವೆ. ಸಂಜೆ ಐದೂವರೆಗೆ ಹೊರಡುವ ಹುಡುಗಿಯ ಮೀಟರಿನಲ್ಲಿ 22 ಪರ್ಸೆಂಟು ಎಂದಿದೆ ಎನ್ನಿ. ಮನೆ 14 ಕಿಲೋಮೀಟರು. ಅರ್ಧ ದಾರಿ ಕಾಡು, ನಡುವೆ ಏರು, ಮೊಬೈಲಿಗೆ ಸಿಗ್ನಲ್ ಇಲ್ಲ, ಮೇಲೆ ಮಳೆಯ ಮೋಡ. ಹೊರಡಬಹುದೇ, ಬೇಡವೇ? ಪೆಟ್ರೋಲು ಮುಗಿದರೆ ಯಾರಾದರೂ ಪುಣ್ಯಾತ್ಮರು ಬಾಟಲಿಯಲ್ಲಿ ತಂದುಕೊಟ್ಟಾರು. ಕರೆಂಟನ್ನು ಬಾಟಲಿಯಲ್ಲಿ ತರಲಾಗದು. ಆದ್ದರಿಂದ ಆ 22 ಎಂಬ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಎಂಬುದನ್ನು ಗಾಡಿ ಓಡಿಸುವ ಮಕ್ಕಳೂ ಓಡಿಸಲು ಕೊಡುವ ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು.

ವಿಶೇಷವೆಂದರೆ, ಈ ಎರಡು ಪ್ರಶ್ನೆಗಳ ಉತ್ತರ ಹುಡುಕುವ ದಾರಿ ಬಹುಮಟ್ಟಿಗೆ ಒಂದೇ. ಲಿಂಗನಮಕ್ಕಿಯ ಲೆಕ್ಕ ಅರ್ಥವಾದವರಿಗೆ ಬ್ಯಾಟರಿಯ ಲೆಕ್ಕವೂ ಅರ್ಥವಾಗುತ್ತದೆ.

ಮುಚ್ಚಳ ತೆಗೆದು ನೋಡಲಾಗದ ಟಾಂಕಿ

ಹಿಂದೆ ಸ್ಕೂಟರು, ಮೊಪೆಡ್ಡುಗಳಲ್ಲಿ ಪೆಟ್ರೋಲು ಎಷ್ಟಿದೆಯೆಂದು ತಿಳಿಯಲು ಮುಚ್ಚಳ ತೆಗೆದು ಇಣುಕಿದರೆ ಸಾಕಿತ್ತು. ಇಲ್ಲವೇ ಗಾಡಿಯನ್ನು ಅಲುಗಾಡಿಸಿ ಸಪ್ಪಳ ಕೇಳುತ್ತಿದ್ದರು. ಮುಗಿದೇಹೋದರೆ ತಿರುಗಿಸಲು 'ರಿಸರ್ವ್' ಎಂಬ ಕೀಲಿಯಿತ್ತು. ಪೆಟ್ರೋಲು ಕಣ್ಣಿಗೆ ಕಾಣುವ, ತೂಗಬಹುದಾದ ವಸ್ತು.

ಬ್ಯಾಟರಿಯ ವಿಷಯ ಹಾಗಲ್ಲ. ಚಾರ್ಜು 'ತುಂಬುವುದು' ಎಂಬ ನಮ್ಮ ಮಾತೇ ಸ್ವಲ್ಪ ದಾರಿ ತಪ್ಪಿಸುವಂಥದು. ಲಿಥಿಯಂ ಬ್ಯಾಟರಿಗೆ ಹೊರಗಿನಿಂದ ಯಾವ ವಸ್ತುವೂ ಬಂದು ಸೇರುವುದಿಲ್ಲ. ಚಾರ್ಜು ಮಾಡುವಾಗ ಒಳಗಿನ ಲಿಥಿಯಂ ಅಯಾನುಗಳು ಲೋಹದ ಸಂಯುಕ್ತದ ಪದರದಿಂದ ಹೊರಟು ಗ್ರಾಫೈಟಿನ ಪದರವನ್ನು ಸೇರುತ್ತವೆ. ಗಾಡಿ ಓಡುವಾಗ ಮರಳಿ ತಮ್ಮ ಜಾಗಕ್ಕೆ ಬರುತ್ತವೆ. ಅದೇ ಹೊತ್ತಿಗೆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಮೋಟಾರನ್ನು ಹಾದು ಸುತ್ತಿ ಬರುತ್ತವೆ. ಪೂರ್ತಿ ಚಾರ್ಜಾದ ಬ್ಯಾಟರಿಯನ್ನೂ ಖಾಲಿಯಾದ ಬ್ಯಾಟರಿಯನ್ನೂ ತಕ್ಕಡಿಗೆ ಹಾಕಿದರೆ ತೂಕ ಒಂದೇ. ಅಲುಗಾಡಿಸಿದರೆ ಸಪ್ಪಳವಿಲ್ಲ, ಇಣುಕಲು ಮುಚ್ಚಳವಿಲ್ಲ.

ಇಂಥ ಬ್ಯಾಟರಿಯನ್ನು ಸಾಧ್ಯವಾಗಿಸಿದ ಜಾನ್ ಗುಡಿನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಆಗ ಗುಡಿನಫ್ ಅವರಿಗೆ 97 ವರ್ಷ!

ಸೀಸ-ಆಮ್ಲದ ಬ್ಯಾಟರಿ ಈ ವಿಷಯದಲ್ಲಿ ಸ್ವಲ್ಪ ಉದಾರಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಈ ಬ್ಯಾಟರಿ ಇಂದಿಗೂ ನಮ್ಮ ಮನೆಗಳ ಇನ್ವರ್ಟರಿನ ಕೆಳಗೆ ಕುಳಿತಿದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ಕಾರು ಓಡುತ್ತಿದ್ದುದೂ ಇದರಿಂದಲೇ. ಇದರಲ್ಲಿ ವಿದ್ಯುತ್ತು ಖರ್ಚಾದಂತೆ ದ್ರವದಲ್ಲಿನ ಗಂಧಕಾಮ್ಲವೂ ಕಡಿಮೆಯಾಗಿ ದ್ರವ ತೆಳುವಾಗುತ್ತದೆ. ಪೂರ್ತಿ ಚಾರ್ಜಾದಾಗ ಅದರ ಸಾಪೇಕ್ಷ ಸಾಂದ್ರತೆ ಬ್ಯಾಟರಿಯ ಜಾತಿಯನ್ನನುಸರಿಸಿ 1.24ರಿಂದ 1.28, ಖಾಲಿಯಾದಾಗ 1.12ರ ಆಸುಪಾಸು. ಹೈಡ್ರೋಮೀಟರನ್ನು ಇಳಿಬಿಟ್ಟು ಓದಿದರೆ ಉತ್ತರ ಸಿಕ್ಕಿಬಿಡುತ್ತದೆ. ಲಿಥಿಯಂ ಬ್ಯಾಟರಿ ಪೂರ್ತಿ ಮೊಹರಾದ ಪೆಟ್ಟಿಗೆ. ಅಲ್ಲಿ ಹೈಡ್ರೋಮೀಟರಿಗೆ ಕೆಲಸವಿಲ್ಲ. ಹೊರಗಿನಿಂದ ಸಿಗುವ ಸೂಚನೆಗಳಿಂದಲೇ ಒಳಗಿನದನ್ನು ಊಹಿಸಬೇಕು.

ಮೊದಲ ದಾರಿ: ನೀರಿನ ಮಟ್ಟ

ಅಣೆಕಟ್ಟಿನಲ್ಲಿ ನೀರಿನ ಮಟ್ಟ ಇದ್ದಂತೆ ಬ್ಯಾಟರಿಯಲ್ಲಿ ವೋಲ್ಟೇಜು. 1,819 ಅಡಿ ಎಂಬುದು ಸಮುದ್ರಮಟ್ಟದಿಂದ ಎಣಿಸಿದ್ದು, ನೀರಿನ ಆಳವಲ್ಲ. ಜಲಾಶಯ ಬತ್ತಿದರೂ ಮಟ್ಟ ಸೊನ್ನೆಯಾಗುವುದಿಲ್ಲ. ಹಾಗೆಯೇ ಬ್ಯಾಟರಿ ಖಾಲಿಯಾದರೂ ವೋಲ್ಟೇಜು ಸೊನ್ನೆಯಾಗುವುದಿಲ್ಲ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ ಒಂದು ಲಿಥಿಯಂ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟು, ಖಾಲಿ ಎನ್ನುವಾಗ ಸುಮಾರು 3 ವೋಲ್ಟು. ಇಂಥ 14 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 58.8 ವೋಲ್ಟಿನಿಂದ 42 ವೋಲ್ಟಿನವರೆಗೆ ಇಳಿಯುವ ಬ್ಯಾಟರಿ ಸಿದ್ಧವಾಗುತ್ತದೆ.

ಹಾಗಾದರೆ ನಡುವಿನ ವೋಲ್ಟೇಜು ಬಂದಾಗ ಅರ್ಧ ಖಾಲಿ ಎನ್ನಬಹುದೇ? ಆತುರ ಬೇಡ. ಕಣಿವೆಗೆ ಕಟ್ಟಿದ ಅಣೆಕಟ್ಟು ಕೆಳಗೆ ಕಿರಿದು, ಮೇಲೆ ಅಗಲ. ಮೇಲಿನ ಒಂದಡಿಯಲ್ಲಿ ನಿಲ್ಲುವ ನೀರು ಬುಡದ ಒಂದಡಿಗಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದಲೇ ಎಂಜಿನಿಯರುಗಳು ಮಟ್ಟಕ್ಕೂ ಸಂಗ್ರಹಕ್ಕೂ ಕೋಷ್ಟಕ ಮಾಡಿಟ್ಟುಕೊಂಡಿರುತ್ತಾರೆ. ಬ್ಯಾಟರಿಗೂ ಇಂಥದೇ ಕೋಷ್ಟಕ ಬೇಕು. ಅದನ್ನು ಗಾಡಿಯ ಒಳಗಿನ ಚಿಕ್ಕ ಕಂಪ್ಯೂಟರಿನಲ್ಲಿ ಬರೆದಿಟ್ಟಿರುತ್ತಾರೆ.

ಇನ್ನೊಂದು ಜಾತಿಯ ಲಿಥಿಯಂ ಬ್ಯಾಟರಿಯಲ್ಲಿ ಕಬ್ಬಿಣ ಮತ್ತು ಫಾಸ್ಫೇಟು ಇರುತ್ತವೆ. ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ. ಆದರೆ ಚಾರ್ಜು ಎಷ್ಟಿದೆಯೆಂದು ಹೇಳುವುದರಲ್ಲಿ ಮಹಾ ಗುಟ್ಟಿನದು. ಹದಿನಾರು ಕೋಶಗಳ ಇಂಥ ಬ್ಯಾಟರಿ 80 ಪರ್ಸೆಂಟಿನಲ್ಲಿ ಸುಮಾರು 53.3 ವೋಲ್ಟು ತೋರಿಸಿದರೆ, 40 ಪರ್ಸೆಂಟಿಗೆ ಇಳಿದಾಗ ಸುಮಾರು 52.6. ಅರ್ಧ ಖರ್ಚಾದರೂ ಒಂದು ವೋಲ್ಟು ಇಳಿದಿರುವುದಿಲ್ಲ! ವಿಶಾಲವಾದ ಕೆರೆಯಲ್ಲಿ ನೂರು ಕೊಡ ನೀರೆತ್ತಿದರೂ ಮಟ್ಟ ಇಳಿದದ್ದು ಕಾಣದಂತೆ ಇದು.

ಪಂಪು ನಡೆವಾಗ ಬಾವಿ ನೋಡಬಾರದು

ಮಟ್ಟವನ್ನು ಯಾವಾಗ ನೋಡಬೇಕು ಎಂಬುದೂ ಮುಖ್ಯ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಪಂಪು ಹಚ್ಚಿದಾಗ ಬಾವಿಯ ನೀರು ಸರಸರನೆ ಇಳಿಯುತ್ತದೆ. ಪಂಪು ನಿಲ್ಲಿಸಿ ತಾಸು ಬಿಟ್ಟು ನೋಡಿದರೆ ಒಂದಷ್ಟು ಮೇಲೆ ಬಂದಿರುತ್ತದೆ. ಬ್ಯಾಟರಿಯಲ್ಲಿಯೂ ಹೀಗೆಯೇ. ಅದಕ್ಕೆ ಕಾರಣ ಆಂತರಿಕ ರೋಧ.

ಹೈಸ್ಕೂಲಿನಲ್ಲಿ ಕಲಿತ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಯಾಟರಿಯ ಆಂತರಿಕ ರೋಧ 0.05 ಓಮ್, ಏರಿನಲ್ಲಿ ಎಳೆಯುವ ಪ್ರವಾಹ 40 ಆಂಪೇರ್ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 2 ವೋಲ್ಟು. ಅಂದರೆ ಏರು ಹತ್ತುವಷ್ಟು ಹೊತ್ತು ಬ್ಯಾಟರಿ 2 ವೋಲ್ಟು ಕಡಿಮೆ ತೋರಿಸುತ್ತದೆ. ಬರೀ ವೋಲ್ಟೇಜು ನೋಡಿ ಹೇಳುವ ಅಗ್ಗದ ಮೀಟರು ಅದನ್ನೇ ನಂಬಿ ಹತ್ತಕ್ಕೂ ಹೆಚ್ಚು ಪರ್ಸೆಂಟು ಇಳಿಸಿಬಿಡುತ್ತದೆ. ಏರು ಮುಗಿದೊಡನೆ ಗೆರೆಗಳು ಮರಳಿ ಬರುತ್ತವೆ. 'ಗಾಡಿಯ ಮೀಟರು ಕೆಟ್ಟಿದೆ' ಎಂದು ಅಂಗಡಿಗೆ ಓಡುವ ಮೊದಲು ಇದನ್ನು ನೆನೆಯಿರಿ. ಮೂರು, ನಾಲ್ಕು ಗೆರೆ ಮಾತ್ರ ತೋರಿಸುವ ಗಾಡಿಯಾದರೆ, ನಿಲ್ಲಿಸಿ ಹತ್ತು-ಹದಿನೈದು ನಿಮಿಷ ಬಿಟ್ಟು ನೋಡಿದ ಗೆರೆಯೇ ಹೆಚ್ಚು ನಿಜ.

ಎರಡನೆಯ ದಾರಿ: ಒಳಹರಿವು, ಹೊರಹರಿವು

ಪತ್ರಿಕೆಯಲ್ಲಿ ಮಟ್ಟದ ಪಕ್ಕದಲ್ಲಿಯೇ ಒಳಹರಿವು, ಹೊರಹರಿವು ಎಷ್ಟು ಕ್ಯೂಸೆಕ್ ಎಂದೂ ಇರುತ್ತದೆ. ಸೆಕೆಂಡಿಗೆ 11,574 ಘನ ಅಡಿಯಂತೆ ಒಂದು ಇಡೀ ದಿನ ನೀರು ಹರಿದರೆ 1 ಟಿಎಂಸಿ. ನಿನ್ನೆ ಎಷ್ಟಿತ್ತು, ಇಂದು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಜಮಾ-ಖರ್ಚು ಬರೆದರೆ ಅಣೆಕಟ್ಟನ್ನು ನೋಡದೆಯೇ ಸಂಗ್ರಹ ಹೇಳಬಹುದು.

ಒಳ್ಳೆಯ ಸ್ಕೂಟರುಗಳು ಮಾಡುವುದು ಇದನ್ನೇ. ಬ್ಯಾಟರಿಯ ತಂತಿಯ ದಾರಿಯಲ್ಲಿ ಪ್ರವಾಹ ಅಳೆಯುವ ಪುಟ್ಟ ಸಾಧನ ಕಾವಲು ಕೂತಿರುತ್ತದೆ. ಪ್ರವಾಹವನ್ನು ಸಮಯದಿಂದ ಗುಣಿಸಿದರೆ ಹರಿದುಹೋದ ವಿದ್ಯುದಾವೇಶ. ಒಂದು ಆಂಪೇರ್ ಒಂದು ತಾಸು ಹರಿದರೆ ಒಂದು ಆಂಪೇರ್-ತಾಸು, ಅಂದರೆ 3,600 ಕೂಲಂ. ಬ್ಯಾಟರಿಯ ಸಾಮರ್ಥ್ಯ 60 ಆಂಪೇರ್-ತಾಸು ಇದ್ದು, ಈವರೆಗೆ 45 ಹೊರಗೆ ಹೋಗಿದ್ದರೆ ಉಳಿದದ್ದು 15. ಮೀಟರಿನಲ್ಲಿ 25 ಪರ್ಸೆಂಟು. ಸೊಸೈಟಿಯ ಪಾಸ್‌ಬುಕ್ಕಿನಷ್ಟೇ ಸರಳ.

ಆದರೆ ಪಾಸ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಪೈಸೆ ತಪ್ಪಿದರೂ ವರ್ಷದ ಕೊನೆಗೆ ತಾಳೆ ಬೀಳುವುದಿಲ್ಲ. ಅಳೆಯುವ ಸಾಧನ ಬರೀ 0.1 ಆಂಪೇರ್ ತಪ್ಪು ಹೇಳಿತು, ಗಾಡಿ ದಿನಕ್ಕೆ ಎರಡು ತಾಸು ಓಡಿತು ಎನ್ನಿ. ದಿನಕ್ಕೆ 0.2, ತಿಂಗಳಿಗೆ 6 ಆಂಪೇರ್-ತಾಸಿನ ತಪ್ಪು. ಅಂದರೆ 60ರ ಬ್ಯಾಟರಿಯಲ್ಲಿ 10 ಪರ್ಸೆಂಟು! ಈ ತಪ್ಪನ್ನು ತೊಳೆಯುವ ಉಪಾಯವೂ ಇದೆ. ಅಣೆಕಟ್ಟು ಕೋಡಿ ಬಿದ್ದ ದಿನ ಯಾವ ಲೆಕ್ಕವೂ ಬೇಡ, ಅದು ತುಂಬಿದೆ ಅಷ್ಟೇ. ಹಾಗೆಯೇ ಬ್ಯಾಟರಿ ಪೂರ್ತಿ ಚಾರ್ಜಾಗಿ ಚಾರ್ಜರು ತಾನಾಗಿ ನಿಂತ ಕ್ಷಣದಲ್ಲಿ ಕಂಪ್ಯೂಟರು ಹಳೆಯ ಲೆಕ್ಕ ಅಳಿಸಿ 100 ಎಂದು ಹೊಸದಾಗಿ ಬರೆದುಕೊಳ್ಳುತ್ತದೆ.

ನಿತ್ಯ ಅರ್ಧಂಬರ್ಧ ಚಾರ್ಜು ಮಾಡುವವರು ಆಗೀಗ ಒಮ್ಮೆ ಪೂರ್ತಿ ಚಾರ್ಜು ಮಾಡಬೇಕು ಎನ್ನುವುದು ಇದಕ್ಕೇ. ಕಬ್ಬಿಣ-ಫಾಸ್ಫೇಟಿನ ಬ್ಯಾಟರಿಗೆ ಇದು ಇನ್ನೂ ಅಗತ್ಯ. ಏಕೆಂದರೆ ಅಲ್ಲಿ ಮಟ್ಟ ನೋಡಿ ತಪ್ಪು ತಿದ್ದಿಕೊಳ್ಳುವ ಅವಕಾಶ ಕಡಿಮೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಅಣೆಕಟ್ಟಿನಲ್ಲಿ ಹೂಳು

1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿಯಾಗಲಿ ಬೇರೆ ಯಾವುದೇ ಅಣೆಕಟ್ಟಾಗಲಿ, ಮಳೆ ನೀರಿನ ಜೊತೆ ಮಣ್ಣೂ ಬರುತ್ತದೆ. ಮಟ್ಟ ಗರಿಷ್ಠ ಮುಟ್ಟಿದರೂ ಹೂಳು ತುಂಬಿದಷ್ಟು ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಬ್ಯಾಟರಿಗೂ ವಯಸ್ಸಾಗುತ್ತದೆ. ವರ್ಷಗಳು ಕಳೆದಂತೆ ಓಡಾಡುವ ಲಿಥಿಯಂ ಒಂದಷ್ಟು ಅಲ್ಲಲ್ಲಿಯೇ ಸಿಕ್ಕಿಕೊಂಡು ಕೆಲಸಕ್ಕೆ ಬಾರದಾಗುತ್ತದೆ, ಆಂತರಿಕ ರೋಧ ಹೆಚ್ಚುತ್ತದೆ. ಬಿಸಿಲಿನಲ್ಲಿ ನಿಲ್ಲಿಸುವುದು, ಪೂರ್ತಿ ತುಂಬಿಸಿ ವಾರಗಟ್ಟಲೆ ಬಿಡುವುದು, ಪದೇ ಪದೇ ಸೊನ್ನೆಗೆ ಇಳಿಸುವುದು ಈ ಮುಪ್ಪನ್ನು ಬೇಗ ತರುತ್ತವೆ.

ಪರ್ಸೆಂಟು ಎಂಬುದು ಒಂದು ಅನುಪಾತ ಮಾತ್ರ ಎಂಬುದನ್ನು ಮರೆಯಬಾರದು. ಕೊಡ ತುಂಬಿದೆ ನಿಜ; ಆದರೆ ಕೊಡವೇ ಸಣ್ಣದಾಗಿದ್ದರೆ? ಹೊಸತರಲ್ಲಿ ನೂರು ಕಿಲೋಮೀಟರು ಓಡಿಸಿದ 100 ಪರ್ಸೆಂಟು, ಕೆಲವು ವರ್ಷಗಳ ನಂತರ ಎಂಬತ್ತನ್ನೇ ಓಡಿಸೀತು. ಹಳೆಯ ಬ್ಯಾಟರಿಯಲ್ಲಿ ಇನ್ನೊಂದು ಅಪಾಯವಿದೆ. ಸರಣಿಯಲ್ಲಿ ಜೋಡಿಸಿದ ಕೋಶಗಳಲ್ಲಿ ಒಂದು ದುರ್ಬಲವಾದರೂ ಅದು ಖಾಲಿಯಾದ ಕೂಡಲೇ ಇಡೀ ಬ್ಯಾಟರಿಯನ್ನು ನಿಲ್ಲಿಸಬೇಕಾಗುತ್ತದೆ. ಮೀಟರು 15 ಎನ್ನುತ್ತಿರುವಾಗಲೇ ಏರಿನ ನಡುವೆ ಗಾಡಿ ತಟ್ಟನೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಹಳೆಯ ಗಾಡಿ ಕೊಳ್ಳುವ ತಂದೆತಾಯಿಗಳು ಇಲ್ಲಿ ಎಚ್ಚರ ವಹಿಸಬೇಕು. ಬಣ್ಣ, ಟಯರು, ಓಡಿದ ಕಿಲೋಮೀಟರು ಎಲ್ಲವನ್ನೂ ನೋಡಿ, ಬ್ಯಾಟರಿಯನ್ನು ಮಾತ್ರ '100 ತೋರಿಸುತ್ತದಲ್ಲ' ಎಂದು ಬಿಟ್ಟುಬಿಡುತ್ತಾರೆ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ.

22 ಪರ್ಸೆಂಟಿನ ಲೆಕ್ಕ

ಈಗ ಸಂಜೆಯ ಪ್ರಶ್ನೆಗೆ ಬರೋಣ. ಬ್ಯಾಟರಿ 51 ವೋಲ್ಟು, 60 ಆಂಪೇರ್-ತಾಸು. ಗುಣಿಸಿದರೆ ಹತ್ತಿರ ಹತ್ತಿರ 3,000 ವಾಟ್-ತಾಸು, ಅಂದರೆ 3 ಯೂನಿಟ್. ಸಮತಟ್ಟು ರಸ್ತೆಯಲ್ಲಿ ಕಿಲೋಮೀಟರಿಗೆ 30 ವಾಟ್-ತಾಸು ಖರ್ಚು ಎಂದುಕೊಳ್ಳೋಣ. 3,000ದಲ್ಲಿ 22 ಪರ್ಸೆಂಟೆಂದರೆ 660. ಇದರಲ್ಲಿ ಕೊನೆಯ ಹತ್ತು ಪರ್ಸೆಂಟನ್ನು, ಅಂದರೆ 300ನ್ನು, ಹಿಂದಿನ 'ರಿಸರ್ವ್' ಎಂದು ತಿಳಿದು ಮುಟ್ಟಬಾರದು. ಆ ಮಟ್ಟದಲ್ಲಿ ಅನೇಕ ಗಾಡಿಗಳು ವೇಗವನ್ನೂ ಬಲವನ್ನೂ ತಾವಾಗಿಯೇ ಕಡಿತ ಮಾಡುತ್ತವೆ. ಖರ್ಚಿಗೆ ಉಳಿದದ್ದು 360.

ದಾರಿ 14 ಕಿಲೋಮೀಟರಿಗೆ 420 ಬೇಕು. ಜೊತೆಗೆ ಏರು. ಗಾಡಿ ಮತ್ತು ಇಬ್ಬರು ಸವಾರರು ಸೇರಿ 240 ಕಿಲೋ, ಹತ್ತಬೇಕಾದ ಎತ್ತರ ಒಟ್ಟು 100 ಮೀಟರು. ರಾಶಿಯನ್ನು ಗುರುತ್ವದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ 2,35,200 ಜೂಲ್. ಅದನ್ನು 3,600ರಿಂದ ಭಾಗಿಸಿದರೆ 65 ವಾಟ್-ತಾಸು. ಮೋಟಾರು, ತಂತಿಗಳ ನಷ್ಟ ಸೇರಿಸಿದರೆ ಸುಮಾರು 82. ಒಟ್ಟು 502. ಕೈಯಲ್ಲಿರುವುದು 360. ಹೊರಟರೆ ರಿಸರ್ವಿಗೆ ಕೈಹಾಕಿ ಮನೆ ಮುಟ್ಟಿಯಾಳು. ಆದರೆ ಬ್ಯಾಟರಿ ಹಳೆಯದಾಗಿದ್ದರೆ ಮುಟ್ಟದೆಯೂ ಹೋದಾಳು.

ಹಾಗೆಂದು ಗಾಬರಿ ಬೇಡ. 600 ವಾಟಿನ ಚಾರ್ಜರು ಜೊತೆಗಿದ್ದರೆ ಪೇಟೆಯಲ್ಲಿ ಪರಿಚಯದವರ ಮನೆಯಲ್ಲಿಯೊ ಅಂಗಡಿಯಲ್ಲಿಯೊ ಅರ್ಧ ತಾಸು ಹಚ್ಚಿದರೆ ನಷ್ಟ ಕಳೆದು 260ರಷ್ಟು ಸೇರುತ್ತದೆ. 620 ಆಯಿತು, 502ಕ್ಕೆ ಧಾರಾಳ. ಒಂದು ಕಪ್ ಚಹ ಕುಡಿಯುವ ಹೊತ್ತು ಕಾಡಿನ ನಡುವಿನ ಒಂದು ರಾತ್ರಿಯ ಆತಂಕವನ್ನು ತಪ್ಪಿಸುತ್ತದೆ.

ಘಟ್ಟದ ರಸ್ತೆಗೆ ಈ ಲೆಕ್ಕ ಇನ್ನೂ ಮುಖ್ಯ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ. ಇಳಿಯುವಾಗ ಮೋಟಾರೇ ಡೈನಮೊ ಆಗಿ ಒಂದಿಷ್ಟು ವಿದ್ಯುತ್ತನ್ನು ಮರಳಿಸುವ ಗಾಡಿಗಳಿವೆ. ಇಳಿದು ಬಂದ ಮೇಲೆ 'ಇನ್ನಿಷ್ಟು ಕಿಲೋಮೀಟರು ಓಡುತ್ತದೆ' ಎಂದು ಮೀಟರು ಉತ್ಸಾಹದಿಂದ ಹೇಳುತ್ತದೆ. ಆ ಅಂಕಿ ಹಿಂದೆ ಓಡಿದ ದಾರಿಯ ಖರ್ಚಿನಿಂದ ಕಟ್ಟಿದ ಊಹೆ. ಮುಂದೆ ಘಟ್ಟವಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಇಬ್ಬರು ಕುಳಿತು 500 ಮೀಟರು ಎತ್ತರ ಹತ್ತಲು ಮೇಲಿನ ರೀತಿಯಲ್ಲೇ ಲೆಕ್ಕ ಹಾಕಿದರೆ ಸುಮಾರು 400 ವಾಟ್-ತಾಸು ಹೆಚ್ಚಿಗೆ ಬೇಕು. ಸಮತಟ್ಟಿನಲ್ಲಿ ಹದಿಮೂರು ಕಿಲೋಮೀಟರು ಓಡಿದ ಖರ್ಚು ಅದು. ಇಳಿಯಲು ಎಷ್ಟು ಬೇಕಾಯಿತೋ ಹತ್ತಲು ಅಷ್ಟೇ ಸಾಕು ಎಂದು ಯಾರೂ ಹೊರಡಬಾರದು.

ಮನೆಯ ಮೀಟರೇ ಪ್ರಯೋಗಶಾಲೆ

ನಿಮ್ಮ ಬ್ಯಾಟರಿಯ 'ಕೊಡ' ಎಷ್ಟು ದೊಡ್ಡದು ಎಂದು ತಿಳಿಯಲು ಯಾವ ದುಬಾರಿ ಉಪಕರಣವೂ ಬೇಡ. ಹೆಸ್ಕಾಂನವರು ಮನೆಗೆ ಕೂರಿಸಿದ ಎಲೆಕ್ಟ್ರಾನಿಕ್ ಮೀಟರು ಸಾಕು. ಅದರಲ್ಲಿ ಮಿನುಗುವ ಒಂದು ಕೆಂಪು ದೀಪವಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು, ಉದಾಹರಣೆಗೆ 3200 ಎಂದು, ಮೀಟರಿನ ಮೇಲೆಯೇ ಬರೆದಿರುತ್ತದೆ.

ಒಂದು ರಜೆಯ ದಿನ, ಬ್ಯಾಟರಿ 20 ಪರ್ಸೆಂಟಿನ ಹತ್ತಿರ ಬಂದಾಗ ಗಾಡಿಯನ್ನು ಅರ್ಧ ತಾಸು ತಣಿಯಲು ಬಿಡಿ. ಮನೆಯ ಬೇರೆಲ್ಲ ದೀಪ, ಫ್ಯಾನು, ಫ್ರಿಜ್ಜುಗಳನ್ನು ನಾಲ್ಕು ನಿಮಿಷ ಆರಿಸಿ, ಚಾರ್ಜರನ್ನು ಮಾತ್ರ ಹಚ್ಚಿ. ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ. 32 ಸಲ ಎಂದರೆ ತಾಸಿಗೆ 1,920. ಅದನ್ನು 3,200ರಿಂದ ಭಾಗಿಸಿದರೆ 0.6. ನಿಮ್ಮ ಚಾರ್ಜರು 600 ವಾಟಿನದು ಎಂದಾಯಿತು. ಇನ್ನು 20ರಿಂದ 80 ಪರ್ಸೆಂಟು ಆಗಲು ಎಷ್ಟು ತಾಸು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಮೂರೂವರೆ ತಾಸಾದರೆ 2.1 ಯೂನಿಟ್. ಚಾರ್ಜರಿನ ಬಿಸಿಗೆ ಹೋಗುವ ನಷ್ಟ ಕಳೆದು ನೂರಕ್ಕೆ 88 ಒಳಗೆ ಸೇರಿತೆಂದರೆ 1.85. ಇದು 60 ಪರ್ಸೆಂಟು; ಹಾಗಾದರೆ ನೂರಕ್ಕೆ ಸುಮಾರು 3.1 ಯೂನಿಟ್. 80ರ ಮೇಲೆ ಅಳೆಯಬಾರದು. ತುಂಬುತ್ತ ಬಂದಂತೆ ಚಾರ್ಜರು ಪ್ರವಾಹವನ್ನು ಕಡಿಮೆ ಮಾಡುವುದರಿಂದ ಲೆಕ್ಕ ಕೆಡುತ್ತದೆ.

ಇದನ್ನು ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ ಎನ್ನೋಣ, ತಪ್ಪದೆ ಮಾಡಿ ಒಂದೇ ಪಟ್ಟಿಯಲ್ಲಿ ಬರೆದಿಡಿ. ಮುಂದಿನ ವರ್ಷ ಮೂರೂವರೆ ತಾಸಿನ ಬದಲು ಮೂರೇ ತಾಸಿನಲ್ಲಿ 80 ಮುಟ್ಟಿತೆಂದರೆ 'ಬೇಗ ಚಾರ್ಜಾಯಿತು' ಎಂದು ಹಿಗ್ಗಬೇಡಿ. ಕೊಡ ಏಳರಲ್ಲಿ ಒಂದು ಪಾಲು ಸಣ್ಣದಾಯಿತು ಎಂದು ಅರ್ಥ. ಹಳೆಯ ಗಾಡಿ ಕೊಳ್ಳುವಾಗಲೂ ಅರ್ಧ ದಿನ ಕೇಳಿ ಪಡೆದು ಇದೇ ಪರೀಕ್ಷೆ ಮಾಡಬಹುದು.

ಕೆಲವು ಎಚ್ಚರಿಕೆಗಳು. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ಎಂದೂ ಬಿಚ್ಚಬಾರದು. ಎರಡು ಧ್ರುವಗಳು ಅಕಸ್ಮಾತ್ ಕೂಡಿದರೆ ನೂರಾರು ಆಂಪೇರ್ ಹರಿದು ಬೆಂಕಿಯಾಗುತ್ತದೆ. 2022ರಲ್ಲಿ ದೇಶದ ಹಲವೆಡೆ ಬ್ಯಾಟರಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದಿತು. ಆದ್ದರಿಂದ ಗಾಡಿಯದೇ ಚಾರ್ಜರನ್ನು ಬಳಸಿ. ಇನ್ವರ್ಟರಿನ ಆಮ್ಲವನ್ನು ಹೈಡ್ರೋಮೀಟರಿನಿಂದ ಅಳೆಯುವಾಗ ದೊಡ್ಡವರು ಜೊತೆಗಿರಲಿ, ಕಣ್ಣಿಗೆ ಕನ್ನಡಕವಿರಲಿ, ಹತ್ತಿರ ಬೆಂಕಿ ಬೇಡ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಮಗ ಅಥವಾ ಮಗಳು 'ಚಾರ್ಜು ಕಡಿಮೆಯಿದೆ, ಅರ್ಧ ತಾಸು ತಡವಾಗಿ ಬರುತ್ತೇನೆ' ಎಂದು ಪೇಟೆಯಿಂದ ಫೋನು ಮಾಡಿದರೆ ಗದರಬೇಡಿ. ಮೀಟರಿನ ಅಂಕಿಯನ್ನು ಓದಿ, ದಾರಿಯ ಏರನ್ನು ನೆನೆದು, ಲೆಕ್ಕ ಹಾಕಿ, ನಿಲ್ಲಲು ನಿರ್ಧರಿಸಿದ ಮಗು ವಿಜ್ಞಾನವನ್ನು ನಿಜವಾಗಿ ಕಲಿತಿದೆ. ಪರೀಕ್ಷೆಯಲ್ಲಿ ಓಮನ ನಿಯಮಕ್ಕೆ ಎರಡು ಅಂಕ. ದಾರಿಯಲ್ಲಿ ಅದರ ಬೆಲೆ ಅದಕ್ಕಿಂತ ಹೆಚ್ಚು.